ಸೋಫಾದೊಳಗೆ ಹೊಲಿದುಹೋದ ಮಲತಂದೆ

ಟಿವಿಗೆ ಕಥೆ ಬರೆಯುವವರಿಗೆ ಒಂದು ಸುಖವಿದೆ. ಯಾರ ತಲೆಗೆ ಬೇಕಾದರೂ ಅಪರಾಧ ಕಟ್ಟಿ, ಹಿಂದಿನಿಂದ ಒಂದಿಷ್ಟು ಪಿಟೀಲು ಕುಯ್ಯಿಸಿ, ದೀಪ ಆರಿಸಿ ಮನೆಗೆ ಹೋಗಿಬಿಡಬಹುದು. ಮಾರನೆಯ ದಿನ ಬೀದಿಗೆ ಇಳಿದು ಮುಖ ತೋರಿಸಬೇಕಾದವರು ಬೇರೆಯವರು. ಈ ಕಥೆಯಲ್ಲಿ ಆ ಬೇರೆಯವನು ಸ್ಪ್ರಿಂಗಣ್ಣ.

ಸ್ಪ್ರಿಂಗಣ್ಣನ ಕಸುಬು ಸೋಫಾ ರಿಪೇರಿ. ಕುಸಿದ ಕುಶನ್ನು, ಹರಿದ ರೆಕ್ಸಿನ್ನು, ಕೂತವರನ್ನು ಚುಚ್ಚುವ ಸ್ಪ್ರಿಂಗು ಎಲ್ಲವೂ ಅವನ ಅಂಗಡಿಗೆ ಬಂದು ಮಾನ ಉಳಿಸಿಕೊಂಡು ಹೋಗುತ್ತಿದ್ದವು. ಯಾರ ಮನೆಗೆ ಹೋದರೂ ಕೂತ ಕೂಡಲೇ ಎರಡು ಸಲ ಕುಪ್ಪಳಿಸಿ ಸೀಟು ಪರೀಕ್ಷಿಸುವುದು ಅವನ ಚಾಳಿ. ಒಮ್ಮೆ ಸಾವಿನ ಮನೆಯಲ್ಲೂ ಹಾಗೆ ಮಾಡಿದ್ದರಿಂದ ಅಳುತ್ತಿದ್ದವರು ಅಳು ನಿಲ್ಲಿಸಿ ನೋಡಿದರು. ಅಂದಿನಿಂದ ಅಪ್ಪ ಅಮ್ಮ ಇಟ್ಟ ಹೆಸರು ಹೋಗಿ ಇದೇ ನಿಂತಿತು.

ತಲೆಗೂದಲು ಅರ್ಧ ಉದುರಿದ ಮೇಲೆ ಅವನಿಗೆ ಮದುವೆಯಾಯಿತು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಮೊದಲ ಗಂಡ ತೀರಿಕೊಂಡಿದ್ದ, ಒಬ್ಬಳು ಮಗಳಿದ್ದಳು. ಆ ಮಗಳಿಗೆ ಈಗ ಹದಿಮೂರು. ಅವಳಿಗೆ ಸ್ಪ್ರಿಂಗಣ್ಣನ ಮೇಲೆ ದ್ವೇಷವೇನೂ ಇರಲಿಲ್ಲ. ಅವನ ಜೊತೆ ಮಾತಿರಲಿಲ್ಲ, ಅಷ್ಟೆ. ಏನಾದರೂ ಬೇಕಾದರೆ ನೇರವಾಗಿ ವಸ್ತುವಿಗೇ ಹೇಳುತ್ತಿದ್ದಳು. ‘ಉಪ್ಪು ಕಮ್ಮಿ’ ಎಂದು ತಟ್ಟೆಗೆ ಹೇಳಿದರೆ ಉಪ್ಪಿನ ಡಬ್ಬಿ ಬರುತ್ತಿತ್ತು. ತಂದವನ ಕಡೆ ನೋಡದೆ ಊಟ ಮುಂದುವರಿಯುತ್ತಿತ್ತು. ಸ್ಪ್ರಿಂಗಣ್ಣ ಈ ಪ್ರಪಂಚದಲ್ಲಿ ಆಸೆಪಟ್ಟದ್ದು ಒಂದೇ: ಹುಡುಗಿ ತನ್ನ ಕಡೆ ತಿರುಗಿ ನಾಲ್ಕು ಮಾತಾಡಬೇಕು. ಬೈದರೂ ಅಡ್ಡಿಯಿಲ್ಲ.

ಈ ಆಸೆ ಇನ್ನೇನು ಕೈಗೂಡುವುದರಲ್ಲಿತ್ತು. ಬೆಳೆದ ಮಕ್ಕಳು ಓದುವ ಪತ್ತೇದಾರಿ ಕಾದಂಬರಿಯೊಂದನ್ನು ಟಿವಿಯವರು ಧಾರಾವಾಹಿ ಮಾಡಿದ್ದರು. ಹುಡುಗಿಯೊಬ್ಬಳ ಗೆಳತಿ ಕಾಣೆಯಾಗುತ್ತಾಳೆ. ಹುಡುಗಿ ಹುಡುಕಲು ಹೊರಡುತ್ತಾಳೆ. ಅನುಮಾನಕ್ಕೆ ಸ್ಕೂಲಿನ ವಾಚ್‌ಮನ್ ಇದ್ದ, ಈಜು ಕಲಿಸುವ ಮೇಷ್ಟರಿದ್ದರು, ಗೆಳತಿಯ ಮಲತಂದೆಯೂ ಇದ್ದ. ಮಲತಂದೆ ಗಡಿಯಾರ ರಿಪೇರಿಯವನು, ಮೆತ್ತಗಿನ ಮನುಷ್ಯ. ಮನೆಯ ಸೋಫಾದ ಈ ತುದಿಯಲ್ಲಿ ಸ್ಪ್ರಿಂಗಣ್ಣ, ಆ ತುದಿಯಲ್ಲಿ ಹುಡುಗಿ ಕೂತು ನೋಡತೊಡಗಿದರು. ಮೊದಮೊದಲು ಜಾಹೀರಾತು ಬಂದಾಗ ಇಬ್ಬರೂ ಸೋಪಿನ ಪುಡಿಯನ್ನು ಗಂಭೀರವಾಗಿ ನೋಡುತ್ತಿದ್ದರು. ಆಮೇಲೊಂದು ದಿನ ಹುಡುಗಿ, ವಾಚ್‌ಮನ್ ಅಂತೂ ಅಲ್ಲವೇ ಅಲ್ಲ ಎಂದು ಟಿವಿಗೆ ಹೇಳಿದಳು. ಇವನೂ ಟಿವಿಗೇ, ಮೇಷ್ಟರ ಕಣ್ಣು ಸರಿಯಿಲ್ಲ ಎಂದ. ಟಿವಿ ಮಧ್ಯಸ್ಥಿಕೆಯಲ್ಲಿ ಮಾತು ಬೆಳೆಯಿತು. ವಾರ ಕಳೆದಂತೆ ಹುಡುಗಿ ತುದಿ ಬಿಟ್ಟು ನಡುವಿನ ಸೀಟಿಗೆ ಬಂದಳು. ಆ ಸೀಟಿನ ಫೋಮ್ ಸ್ವಲ್ಪ ತೆಳ್ಳಗಾಗಿದೆ ಎಂದು ಸ್ಪ್ರಿಂಗಣ್ಣ ಯಾರಿಗೂ ತಿಳಿಯದಂತೆ ಹೊಸದು ತುಂಬಿಸಿಟ್ಟ.

ಕೊನೆಯ ಕಂತು ಬಂತು. ಅಪರಾಧಿ ಮಲತಂದೆ. ಕಾಣೆಯಾದ ಗೆಳತಿಯನ್ನು ಹಳೆಯ ಗಡಿಯಾರ ಗೋಪುರದಲ್ಲಿ ಕೂಡಿಹಾಕಿದವನು ಅವನೇ. ಪಿಟೀಲು ಮುಗಿಯುವ ಮೊದಲೇ ಮಗಳು ಎದ್ದು ಟಿವಿ ಆರಿಸಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನದಿಂದ ತಟ್ಟೆಗೂ ಮಾತಿಲ್ಲ.

ಬೀದಿ ಮಾತ್ರ ಬಾಯಿ ಬಿಟ್ಟಿತು. ಪಕ್ಕದ ಇಸ್ತ್ರಿ ಅಂಗಡಿಯ ಅಕ್ಕ ಅವನ ಶರಟು ಮಡಿಸುತ್ತ, ಏನೇ ಆಗಲಿ ಮಗೂನ ಚೆನ್ನಾಗಿ ನೋಡ್ಕೊಳ್ಳಪ್ಪ ಎಂದಳು. ಇಷ್ಟು ವರ್ಷ ಹೇಳದವಳು ಈಗ ಹೇಳಿದಳು. ಎದುರು ಮನೆಯ ನಿವೃತ್ತ ಗುಮಾಸ್ತರು ಎರಡನೆಯ ಕಂತಿನಲ್ಲೇ ತಮಗೆ ಗೊತ್ತಾಗಿತ್ತು ಎಂದು ಸಾರಿದರು. ಸಜ್ಜನರಂತೆ ಕಾಣುವವರ ಮೇಲೆ ತಾವು ನೌಕರಿಯುದ್ದಕ್ಕೂ ಒಂದು ಕಣ್ಣಿಟ್ಟವರಂತೆ. ಅತ್ತೆಯಂತೂ ದಿನಾ ಫೋನು ಮಾಡತೊಡಗಿದರು. ಮೊದಲು ಅಳಿಯನ ಯೋಗಕ್ಷೇಮ, ಆಮೇಲೆ ಕೆಮ್ಮು, ಆಮೇಲೆ ಮೆಲ್ಲಗೆ, ಮಗು ಕಣ್ಣಿಗೆ ಕಾಣ್ತಿದೆಯಾ ಎಂಬ ಪ್ರಶ್ನೆ. ಸ್ಪ್ರಿಂಗಣ್ಣ ಹುಡುಗಿಯ ಕೋಣೆಯ ಮುಂದೆ ಫೋನು ಹಿಡಿದು, ಒಳಗೆ ಪುಟ ತಿರುಗುವ ಸದ್ದು ಕೇಳಿಸಿ ಸಾಕ್ಷಿ ಒದಗಿಸುತ್ತಿದ್ದ.

ಹೆಂಡತಿ ಹೊಟ್ಟೆ ಹಿಡಿದು ನಕ್ಕಳು. “ಅದು ಕಥೆ ಕಣ್ರೀ. ನಿಮ್ಮನ್ನ ನೋಡಿದ್ರೆ ಸೊಳ್ಳೆ ಕೂಡ ಹೆದರಲ್ಲ,” ಎಂದಳು. ಅವಳು ಸಮಾಧಾನಕ್ಕೆ ಹೇಳಿದ್ದು. ಆದರೆ ಡ್ಯೂಟಿಗೆ ಹೋಗುವ ಅವಸರದಲ್ಲಿ ಹೇಳಿದ ಸಮಾಧಾನ ಎಷ್ಟು ಹೊತ್ತು ನಿಲ್ಲುತ್ತದೆ?

ಹೀಗಿರುವಾಗ ಹುಡುಗಿಯ ಮೇಜಿನ ಮೇಲೆ ಅದೇ ಕಾದಂಬರಿ ಕಂಡಿತು. ಸ್ಕೂಲ್ ಲೈಬ್ರರಿಯಿಂದ ತಂದಿದ್ದಳು. ಸ್ಪ್ರಿಂಗಣ್ಣನ ಕಣ್ಣು ಅರಳಿತು. ಟಿವಿಯವರು ಮೂಲಕಥೆಯನ್ನು ತಿರುಚುತ್ತಾರೆಂದು ಎಲ್ಲರೂ ಹೇಳುತ್ತಾರೆ. ಹಾಗಿದ್ದರೆ ಟಿವಿ ಕೆಳಗಿನ ಕೋರ್ಟು, ಪುಸ್ತಕ ಮೇಲಿನ ಕೋರ್ಟು. ಮಲತಂದೆಯ ಪರವಾಗಿ ಮೇಲ್ಮನವಿ ಸಲ್ಲಿಸಲು ಅವನು ಅಲ್ಲೇ ನಿಂತು ತೀರ್ಮಾನಿಸಿದ. ಪುಸ್ತಕದಲ್ಲಿ ಅವನು ನಿರಪರಾಧಿಯೆಂದು ಸಿಕ್ಕರೆ ಆ ಪುಟ ತೆರೆದು ಹುಡುಗಿಯ ಮುಂದಿಡಬಹುದು. ಕೊನೆಯ ಪುಟವನ್ನು ಮೊದಲು ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಒಳಗಿನ ಸ್ಪ್ರಿಂಗು ನೋಡದೆ ಮೇಲಿನ ಬಟ್ಟೆಗೆ ಕೈಹಾಕುವ ಜಾತಿ ಅವನಲ್ಲ.

ಹುಡುಗಿ ಸ್ಕೂಲಿಗೆ ಹೋದ ಮೇಲೆ ಪುಸ್ತಕ ಅಂಗಡಿಗೆ ಬರುತ್ತಿತ್ತು. ಅವಳು ಬರುವ ಮೊದಲು ಮೇಜು ಸೇರುತ್ತಿತ್ತು. ಬಾಯಲ್ಲಿ ಮೊಳೆ ಕಚ್ಚಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಒಂದು ಕುಶನ್ನಿಗೆ ಒಂದು ಪುಟದಂತೆ ಓದು ಸಾಗಿತು. ಎಲ್ಲಿಗೆ ಬಂದೆನೆಂದು ತಿಳಿಯಲು ಕೆಂಪು ದಾರದ ಒಂದೆಳೆ ಇಡುತ್ತಿದ್ದ. ಬಿಳಿ ಹಾಳೆಯ ನಡುವೆ ಕೆಂಪು ದಾರ ಯಾರ ಕಣ್ಣಿಗೂ ಬೀಳದು ಎಂಬುದು ಪತ್ತೇದಾರಿ ಕಾದಂಬರಿಯಿಂದ ಅವನು ಕಲಿತ ವಿದ್ಯೆ.

ಪುಸ್ತಕದ ಮಲತಂದೆ ಬಂಗಾರದ ಮನುಷ್ಯ. ಮಳೆಯಲ್ಲಿ ನೆನೆಯುತ್ತ ಸ್ಕೂಲಿನವರೆಗೆ ಹೋಗಿ ಮಲಮಗಳಿಗೆ ಕೊಡೆ ಕೊಟ್ಟು ಬರುತ್ತಾನೆ. ಆ ಪುಟ ಓದಿ ಸ್ಪ್ರಿಂಗಣ್ಣನಿಗೆ ಕಣ್ಣು ತುಂಬಿ ಬಂತು. ಮರುದಿನ ದಾರ ಇದ್ದಲ್ಲಿಂದ ಓದಿದರೆ ಮತ್ತೆ ಕೊಡೆ. ಅದರ ಮರುದಿನವೂ ಎರಡು ಪುಟ ಆಗುವಷ್ಟರಲ್ಲಿ ಕೊಡೆ. ಈ ಲೇಖಕರಿಗೆ ಹೇಳಿದ್ದನ್ನೇ ಹೇಳುವ ಅಭ್ಯಾಸವಿರಬೇಕು ಅನ್ನಿಸಿತು. ಆಮೇಲೆ, ಇಲ್ಲ, ಕಥೆಯಲ್ಲಿ ಮಳೆಗಾಲವಲ್ಲವೇ, ದಿನಾ ಮಳೆ ಬಂದರೆ ದಿನಾ ಕೊಡೆ ಕೊಡಲೇಬೇಕಲ್ಲ ಎಂದು ತಾನೇ ಲೇಖಕರ ಪರ ವಾದಿಸಿದ. ಇಂಥ ಮನುಷ್ಯ ಯಾರನ್ನಾದರೂ ಕೂಡಿಹಾಕುತ್ತಾನೆಯೇ? ಗೆದ್ದ ಖುಷಿಯಲ್ಲಿ ಆ ವಾರ ಗಿರಾಕಿಗಳ ಕುಶನ್ನಿಗೆಲ್ಲ ಎರಡು ಹಿಡಿ ಹತ್ತಿ ಹೆಚ್ಚೇ ಬಿತ್ತು. ಅಷ್ಟೇ ಅಲ್ಲ, ದಿನಾ ಬೆಳಿಗ್ಗೆ ಗೇಟಿನ ಬಳಿ ಕೊಡೆ ಹಿಡಿದು ನಿಲ್ಲತೊಡಗಿದ. ನೆತ್ತಿ ಸುಡುವ ಬಿಸಿಲು, ಆಕಾಶದಲ್ಲಿ ಮೋಡದ ಚೂರಿಲ್ಲ. ಹುಡುಗಿ ಒಂದು ಕ್ಷಣ ಕೊಡೆ ನೋಡುತ್ತಿದ್ದಳು, ಇಸಿದುಕೊಂಡು ಹೋಗುತ್ತಿದ್ದಳು. ಗುಮಾಸ್ತರು ಇದನ್ನೂ ಕಿಟಕಿಯಿಂದ ಕಂಡು, ಲಕ್ಷಣ ಸರಿಯಿಲ್ಲ ಎಂದು ಇಸ್ತ್ರಿ ಅಕ್ಕನಿಗೆ ವರದಿ ಒಪ್ಪಿಸಿದರು.

ಆಪತ್ತು ಬಂದದ್ದೂ ಗುಮಾಸ್ತರ ರೂಪದಲ್ಲೇ.

ಹುಡುಗಿಯ ಸ್ಕೂಲಿನ ಹೆಡ್‌ಮಿಸ್ಟ್ರೆಸ್ ಕೋಣೆಯ ಸೋಫಾ, ಪೋಷಕರು ಕೂತು ಕೂತು ಗೋಳು ತೋಡಿಕೊಂಡು ಪೂರ್ತಿ ಕುಸಿದಿತ್ತು. ಶಿಕ್ಷಣಾಧಿಕಾರಿಗಳು ತಪಾಸಣೆಗೆ ಬರುವ ದಿನವೇ ಅದು ಯಾರದೋ ಕಣ್ಣಿಗೆ ಬಿದ್ದು, ಕುಶನ್ನುಗಳು ಸ್ಪ್ರಿಂಗಣ್ಣನ ಅಂಗಡಿಗೆ ಓಡಿಬಂದಿದ್ದವು. ಅವನು ಕೊನೆಯ ಕುಶನ್ನಿನ ಫೋಮಿನ ಮೇಲೆ ಪುಸ್ತಕ ತೆರೆದಿಟ್ಟು, ಅರ್ಧ ಎಳೆದ ಬಟ್ಟೆಯ ಸಂದಿಯಿಂದ ಓದುತ್ತ ದಬ್ಬಣ ಆಡಿಸುತ್ತಿದ್ದ. ಅಷ್ಟರಲ್ಲಿ ಗುಮಾಸ್ತರು ಒಳಗೆ ಬಂದರು. ಇವನು ಥಟ್ಟನೆ ಬಟ್ಟೆ ಎಳೆದು ಪುಸ್ತಕ ಮುಚ್ಚಿದ. ಗುಮಾಸ್ತರು ಕೂತು, ಗಡಿಯಾರ ರಿಪೇರಿ, ಸೋಫಾ ರಿಪೇರಿ ಇವೆಲ್ಲ ಒಂಟಿಯಾಗಿ ಕೂತು ಮಾಡುವ ಕೆಲಸಗಳೆಂದೂ, ಒಂಟಿ ಕೂತವರ ತಲೆಯಲ್ಲಿ ಏನು ಹುಟ್ಟುತ್ತದೆಂದು ಹೇಳಲಾಗದೆಂದೂ ಮನೋವಿಜ್ಞಾನ ಬಿಚ್ಚಿಟ್ಟರು. ಸ್ಪ್ರಿಂಗಣ್ಣನಿಗೆ ಮೈಯೆಲ್ಲ ಉರಿಯಿತು. ಹೌದು ಸಾರ್, ಹೌದು ಸಾರ್ ಎನ್ನುತ್ತಲೇ ಕೂತ. ತಲೆ ಉರಿಯುತ್ತಿರುವಾಗ ಕೈ ಸುಮ್ಮನಿರಲಿಲ್ಲ. ಅದು ವರ್ಷಗಟ್ಟಲೆ ಪಳಗಿದ ಕೈ, ಯಾರನ್ನೂ ಕೇಳುವುದಿಲ್ಲ. ಗುಮಾಸ್ತರು ಎದ್ದು ಹೋಗುವಾಗ ಕುಶನ್ ಹೊಲಿದು, ಗಂಟು ಹಾಕಿ, ದಾರ ಕತ್ತರಿಸಿ ಆಗಿತ್ತು. ಹಿಂದೆಯೇ ಸ್ಕೂಲಿನ ಅಟೆಂಡರ್ ಬಂದು, ಸಾಹೇಬರು ಇನ್ನೇನು ಬಂದ್ರು ಎಂದು ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಹೋದ.

ಸ್ಪ್ರಿಂಗಣ್ಣ ಒಂದು ಲೋಟ ನೀರು ಕುಡಿದು, ಉಸಿರು ಬಿಟ್ಟು, ಪುಸ್ತಕಕ್ಕೆ ಕೈ ಚಾಚಿದ. ಕೈಗೆ ಬರೀ ಕತ್ತರಿ ಸಿಕ್ಕಿತು.

ಅವನು ಓಡಿದ ರೀತಿ ನೋಡಿ ಇಸ್ತ್ರಿ ಅಕ್ಕ ಇಸ್ತ್ರಿ ಪೆಟ್ಟಿಗೆ ಶರಟಿನ ಮೇಲೇ ಮರೆತಳು. ಪುಸ್ತಕ ಹೋದರೆ ಹುಡುಗಿಗೆ ಲೈಬ್ರರಿ ಬಂದ್. ಕದ್ದವನು ಯಾರೆಂದು ಗೊತ್ತಾದರೆ ಇವನಿಗೆ ಬಾಳೇ ಬಂದ್. ಟಿವಿ ಹೇಳಿದ್ದು ಸರಿಯೇ ಇತ್ತು ಅನ್ನುತ್ತಾಳೆ.

ಅಟೆಂಡರ್ ಬಾಗಿಲಲ್ಲಿ ತಡೆದ. ಗ್ಯಾರಂಟಿ ಚೆಕಿಂಗ್ ಎಂದು ಹೇಳಿ ಸ್ಪ್ರಿಂಗಣ್ಣ ಒಳನುಗ್ಗಿದ. ಶಿಕ್ಷಣಾಧಿಕಾರಿಗಳು ಸೋಫಾದ ಮಧ್ಯದಲ್ಲಿ ಬಿಸ್ಕತ್ತು ತಿನ್ನುತ್ತ ವಿರಾಜಮಾನರಾಗಿದ್ದರು. ಹೆಡ್‌ಮಿಸ್ಟ್ರೆಸ್ ಹುಬ್ಬು ಗಂಟಿಕ್ಕಿದರೂ, ಅಧಿಕಾರಿಯ ಎದುರು ಗ್ಯಾರಂಟಿ ಎಂಬ ಶಬ್ದ ಶೋಭೆಯಾಗಿಯೇ ಕೇಳಿಸಿದ್ದರಿಂದ ನೋಡಿಕೊಳ್ಳಿ ಎಂದರು. ಸ್ಪ್ರಿಂಗಣ್ಣ ಎಡಗಡೆ ಕೂತು ಎರಡು ಸಲ ಕುಪ್ಪಳಿಸಿದ. ಬರೀ ಫೋಮ್. ಎದ್ದು ಬಲಗಡೆ ಕೂತು ಕುಪ್ಪಳಿಸಿದ. ಬರೀ ಫೋಮ್. ನಡುವೆ ಕೂತಿದ್ದ ಸಾಹೇಬರು ಅವನ ಜೊತೆ ನಾಲ್ಕು ಸಲ ಎದ್ದು ಬಿದ್ದರು. ಬಿಸ್ಕತ್ತು ಚಹಾಕ್ಕೆ ಜಾರಿತು. ಉಳಿದದ್ದು ನಡುವಿನ ಕುಶನ್ ಒಂದೇ.

ಸ್ವಲ್ಪ ಏಳಬೇಕು ಎಂದು ಅವನು ಕೈಮುಗಿದ. ಸಾಹೇಬರು ಒಪ್ಪಲಿಲ್ಲ. ಈ ಸೀಟಿನಲ್ಲಿ ಏನೋ ಒಂದು ಆಸರೆಯಿದೆ, ವರ್ಷಗಳಿಂದ ಇದ್ದ ಸೊಂಟನೋವು ಕೂತ ಕೂಡಲೇ ಇಳಿದಿದೆ ಎಂದರು. ತಮ್ಮ ಆಫೀಸಿಗೂ ಇಂಥದ್ದೇ ಮಾಡಿಕೊಡಬೇಕು ಎಂದು ಅಪ್ಪಣೆಯನ್ನೂ ಕೊಟ್ಟರು. ಸ್ಪ್ರಿಂಗಣ್ಣ ಇನ್ನೂ ಚೆನ್ನಾಗಿರುವುದು ಹಾಕುತ್ತೇನೆಂದ. ಇದೇ ಚೆನ್ನಾಗಿದೆಯೆಂದು ಅವರು ಇನ್ನಷ್ಟು ಒತ್ತಿ ಕೂತರು. ಬೇಡಿಕೊಂಡ. ಕುಶನ್ನಿನ ತುದಿ ಹಿಡಿದು ಮೆಲ್ಲಗೆ ಎಳೆದ. ಅವರೂ ಎರಡು ಕೈಯಿಂದ ಕುಶನ್ ಹಿಡಿದುಕೊಂಡರು. ಸರ್ಕಾರ ಒಮ್ಮೆ ಕೂತ ಮೇಲೆ ಎಬ್ಬಿಸುವುದು ಸುಲಭವೇ? ಬುದ್ಧಿ ಮಂಕಾಗಿ ಸ್ಪ್ರಿಂಗಣ್ಣ ಇದ್ದ ವಿಷಯ ಇದ್ದಂತೆ ಹೇಳಿಬಿಟ್ಟ:

“ಸಾರ್, ನೀವು ಮಲತಂದೆ ಮೇಲೆ ಕೂತಿದ್ದೀರಿ.”

ಸಾಹೇಬರು ಎದ್ದ ವೇಗಕ್ಕೆ ಕನ್ನಡಕ ಹಿಂದೆಯೇ ಉಳಿಯಿತು. ಧಾರಾವಾಹಿ ಅವರೂ ನೋಡಿದ್ದರು. ಸ್ಪ್ರಿಂಗಣ್ಣ ಜೇಬಿನ ಬ್ಲೇಡಿನಿಂದ ಹೊಲಿಗೆ ಬಿಚ್ಚಿ, ಮೊಣಕೈವರೆಗೆ ಕೈ ತೂರಿಸಿ, ಪುಸ್ತಕ ಹೊರತೆಗೆದ. ಮೇಲೆ ಸ್ಕೂಲಿನ ಸೀಲು ಎದ್ದು ಕಾಣುತ್ತಿತ್ತು.

ನಮ್ಮ ಲೈಬ್ರರಿ ಪುಸ್ತಕ ನಮ್ಮ ಸೋಫಾದೊಳಗೆ ಹೇಗೆ ಬಂತು ಎಂದು ಹೆಡ್‌ಮಿಸ್ಟ್ರೆಸ್ ಕೇಳಿದರು. ಮಗಳು ತಂದಿದ್ದು ಎಂದ. ಯಾರ ಮಗಳು ಎಂದರು.

“ನನ್ನ... ನನ್ನ ಹೆಂಡತಿ ಮಗಳು ಮೇಡಂ.”

“ಅಂದ್ರೆ ನಿಮ್ಮ ಮಗಳು.”

“ಅದನ್ನ ಅವಳೇ ಹೇಳಬೇಕು ಮೇಡಂ.”

ಹೆಡ್‌ಮಿಸ್ಟ್ರೆಸ್ ಅವನನ್ನು ಒಂದು ಗಳಿಗೆ ನೋಡಿದರು. ಹುಡುಗಿಯನ್ನು ಕರೆತರಲು ಅಟೆಂಡರನ್ನು ಕಳಿಸಿ, ಅಲ್ಲಿಯವರೆಗೆ ವರಾಂಡದಲ್ಲಿ ಕೂತು ಆ ಕುಶನ್ ಸರಿಮಾಡಿ ಎಂದರು.

ವರಾಂಡದಲ್ಲಿ ಸ್ಪ್ರಿಂಗಣ್ಣ ಹೊಲಿಗೆಗೆ ಕೈಹಾಕಲಿಲ್ಲ. ಇನ್ನು ಪುಟ ಪುಟ ಓದಲು ಪುರುಸೊತ್ತಿಲ್ಲ. ಹುಡುಗಿ ಬರುವ ಮೊದಲು ತೀರ್ಪು ಕೈಯಲ್ಲಿರಬೇಕು. ಜೀವಮಾನದಲ್ಲಿ ಮೊದಲ ಸಲ ಮೇಲಿನ ಬಟ್ಟೆಗೆ ಕೈಹಾಕಿ ಕೊನೆಯ ಅಧ್ಯಾಯ ತೆರೆದ.

ಅಪರಾಧಿ ಮಲತಂದೆಯೇ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಟಿವಿಯವರು ದಯೆ ತೋರಿಸಿದ್ದರು. ಪುಸ್ತಕದಲ್ಲಿ ಅವನು ಈಜು ಮೇಷ್ಟರ ಮನೆಗೆ ಬೆಂಕಿಯನ್ನೂ ಹಚ್ಚಿದ್ದ, ಟಿವಿಯಲ್ಲಿ ಇಲ್ಲವೇ ಇಲ್ಲದ ಒಂದು ಬಡಪಾಯಿ ನಾಯಿಗೆ ವಿಷವನ್ನೂ ಹಾಕಿದ್ದ. ಮೇಲ್ಮನವಿಗೆ ಹೋದವನಿಗೆ ಶಿಕ್ಷೆ ಮೂರುಪಟ್ಟಾಗಿತ್ತು.

ಹಾಗಾದರೆ ಆ ಕೊಡೆ? ಅಷ್ಟು ಸಲ ಕೊಟ್ಟ ಕೊಡೆ ಎಲ್ಲಿ ಹೋಯಿತು? ಅವನು ಹಿಂದಕ್ಕೆ ಹಾಳೆ ತಿರುವಿದ. ಮುಂದಕ್ಕೆ ತಿರುವಿದ. ಇಡೀ ಪುಸ್ತಕದಲ್ಲಿ ಮಳೆ ಬಂದದ್ದು ಒಂದೇ ಸಲ, ಕೊಡೆ ಕೊಟ್ಟದ್ದೂ ಒಂದೇ ಸಲ. ಆ ಪುಟದ ಅಂಚಿನಲ್ಲಿ, ಬಟ್ಟೆಗೆ ಗೆರೆ ಎಳೆದು ಅವನ ಬೆರಳಿಗೆ ಮೆತ್ತಿದ್ದ ಚಾಕಿನ ಗುರುತು ಒಂದರ ಮೇಲೊಂದು ಬಿದ್ದು ದಪ್ಪಗಾಗಿತ್ತು. ಅವನು ಮುಂದೆ ಓದಿದಷ್ಟೂ ಕೆಂಪು ದಾರವನ್ನು ಯಾರೋ ಹಿಂದಕ್ಕೆ ತಂದಿಡುತ್ತಿದ್ದರು. ಮನೆಯಲ್ಲಿ ಪುಸ್ತಕ ಮುಟ್ಟುವವರು ಇನ್ನೊಬ್ಬರೇ ಇದ್ದರು. ಪುಸ್ತಕ ತಂದ ದಿನವೇ ಓದಿ ಮುಗಿಸಿದವಳು ಅದನ್ನು ವಾಪಸ್ ಕೊಡದೆ ದಿನಾ ಮೇಜಿನ ಮೇಲೆ ಬಿಟ್ಟು ಹೋಗುತ್ತಿದ್ದಳು; ಅವನು ಕೊನೆ ಮುಟ್ಟದ ಹಾಗೆ ಮತ್ತೆ ಮತ್ತೆ ಆ ಒಳ್ಳೆಯ ಪುಟಕ್ಕೇ ಕರೆತಂದು ಬಿಡುತ್ತಿದ್ದಳು.

ಸ್ಪ್ರಿಂಗಣ್ಣ ಜೇಬಿನಲ್ಲಿದ್ದ ದಬ್ಬಣ ತೆಗೆದು ದಾರ ಪೋಣಿಸಲು ನೋಡಿದ. ತೂತು ಸರಿಯಾಗಿ ಕಾಣಲಿಲ್ಲ.

ಹುಡುಗಿ ಬಂದಳು. ವರಾಂಡದಲ್ಲಿ ಕೂತವನನ್ನೂ ಕೈಯಲ್ಲಿದ್ದ ಪುಸ್ತಕವನ್ನೂ ಹೊಟ್ಟೆ ಬಿಚ್ಚಿಕೊಂಡಿದ್ದ ಕುಶನ್ನನ್ನೂ ನೋಡಿದಳು. ಹೆಡ್‌ಮಿಸ್ಟ್ರೆಸ್ ಬಾಗಿಲಿಗೆ ಬಂದು, ಪುಸ್ತಕ ಇವರ ಕೈಗೆ ಹೇಗೆ ಬಂತು ಎಂದು ಕೇಳಿದರು. ಕದ್ದದ್ದು ಎಂದು ಒಪ್ಪಿಕೊಳ್ಳಲು ಸ್ಪ್ರಿಂಗಣ್ಣ ಬಾಯಿ ತೆರೆದ.

“ನಾನೇ ಕೊಟ್ಟಿದ್ದು ಮೇಡಂ, ಓದೋಕೆ,” ಎಂದಳು ಹುಡುಗಿ.

ಕನ್ನಡಕ ಸಿಕ್ಕಿದ್ದ ಸಾಹೇಬರಿಗೆ ಇದು ಬಹಳ ಹಿಡಿಸಿತು. ತಾವು ನೋಡಿದ ಸ್ಕೂಲುಗಳಲ್ಲಿ ಪುಸ್ತಕಗಳು ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತವೆ, ಇಲ್ಲಾದರೋ ಪೋಷಕರು ಸೋಫಾದೊಳಗೂ ಓದುತ್ತಿದ್ದಾರೆ ಎಂದು ಸಣ್ಣ ಭಾಷಣ ಮಾಡಿದರು. ಈ ಪದ್ಧತಿಯನ್ನು ಉಳಿದ ಸ್ಕೂಲುಗಳಿಗೂ ಶಿಫಾರಸು ಮಾಡುವುದಾಗಿ ಹೇಳಿದರು. ಯಾವ ಪದ್ಧತಿ ಎಂದು ಯಾರೂ ಕೇಳಲಿಲ್ಲ. ಹೆಡ್‌ಮಿಸ್ಟ್ರೆಸ್ ವಿನಯದಿಂದ ತಲೆ ತಗ್ಗಿಸಿದರು.

ಗಂಟೆ ಹೊಡೆಯಿತು. ಕುಶನ್ ಹೊಲಿದುಕೊಟ್ಟು ಇಬ್ಬರೂ ಹೊರಟರು. ಗೇಟು ದಾಟಿ, ಸೈಕಲ್ ಅಂಗಡಿ ದಾಟಿ, ಔಷಧಿ ಅಂಗಡಿಯನ್ನೂ ದಾಟಿದರು. ಆಮೇಲೆ ಹುಡುಗಿ ನಿಂತಳು.

“ಎಲ್ಲಿ ತನಕ ಓದಿದ್ರಿ?”

ನೇರವಾಗಿ ಅವನ ಮುಖ ನೋಡಿ ಕೇಳಿದಳು.

“ಕೊಡೆ ತನಕ.”

“ಅಷ್ಟೇನಾ?”

“ಅಷ್ಟೇ. ನಂದು ನಿಧಾನ ಓದು.”

ಹುಡುಗಿಯ ಹೆಗಲು ಸಡಿಲಾಯಿತು. “ಮುಂದೆ ಓದಬೇಡಿ, ಬೋರಾಗಿದೆ. ನಾನೇ ಹೇಳ್ಬಿಡ್ತೀನಿ. ಆ ಟಿವಿಯವರು ಪೂರ್ತಿ ತಪ್ಪು ತೋರಿಸಿದ್ರು. ಆವತ್ತು ನಂಗೆ ಏನು ಮಾತಾಡಬೇಕು ಅಂತಾನೇ ಗೊತ್ತಾಗ್ಲಿಲ್ಲ.” ಅವಳು ಸ್ಕೂಲ್ ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳು. “ಪುಸ್ತಕದಲ್ಲಿ ಮಾಡಿದ್ದು ಹಾಲಿನವನು.”

ಆ ಪುಸ್ತಕದಲ್ಲಿ ಹಾಲಿನವನು ಇರಲಿಲ್ಲ. ಹಾಲೂ ಇರಲಿಲ್ಲ. ಒಂದೇ ಒಂದು ಕಡೆ ಯಾರೋ ಚಹಾ ಕುಡಿಯುತ್ತಾರೆ, ಅದೂ ಹಾಲಿಲ್ಲದ ಚಹಾ.

“ನಂಗೆ ಮೊದಲಿಂದ ಅವನ ಮೇಲೇ ಅನುಮಾನ ಇತ್ತು,” ಎಂದ ಸ್ಪ್ರಿಂಗಣ್ಣ.

ಅಷ್ಟು ಸಾಕಾಯಿತು. ಹುಡುಗಿ ಮಾತಿಗೆ ಬಿದ್ದಳು. ಹಾಲಿನವನಿಗೆ ಗೋಪುರದ ಕೀಲಿ ಎಲ್ಲಿ ಸಿಕ್ಕಿತು, ಕ್ಯಾನಿನಲ್ಲಿ ಹಗ್ಗ ಹೇಗೆ ಬಚ್ಚಿಟ್ಟ, ಬೆಳಿಗ್ಗೆ ಬೇಗ ಏಳುವವರ ಮೇಲೆ ಯಾರಿಗೂ ಅನುಮಾನ ಯಾಕೆ ಬರುವುದಿಲ್ಲ, ಎಲ್ಲವನ್ನೂ ನಡೆಯುತ್ತ ನಡೆಯುತ್ತ ಹುಟ್ಟಿಸಿದಳು. ಸಿಕ್ಕಿಹಾಕಿಕೊಂಡ ಕಡೆ ಸ್ಪ್ರಿಂಗಣ್ಣ ಒಂದು ಕೈ ಕೊಟ್ಟ. ಹಗ್ಗ ಹಾಲಿನಲ್ಲಿ ನೆನೆದರೆ ಗಂಟು ಬಿಗಿಯಾಗುತ್ತದೆ ಎಂದ. ಎದುರಿಗೆ ಸಿಕ್ಕ ಗುಮಾಸ್ತರು ನಿಂತು ಇಬ್ಬರನ್ನೂ ನೋಡಿದರು. ಇವರು ಅವರನ್ನು ನೋಡಲಿಲ್ಲ. ಮಾತಿನ ಹುರುಪಿನಲ್ಲಿ ಸ್ಪ್ರಿಂಗಣ್ಣ ಕೇಳಿದ:

“ಹಾಗಾದ್ರೆ ಆ ನಾಯಿಗೆ ವಿಷ ಹಾಕಿದ್ದೂ ಅವನೇನಾ?”

ಹುಡುಗಿ ಗಕ್ಕನೆ ನಿಂತಳು. ನಾಯಿಗೆ ವಿಷ ಬೀಳುವುದು ಕೊನೆಯ ಅಧ್ಯಾಯದಲ್ಲಿ. ಕೇಳಿದ್ದು ಏನೆಂದು ಸ್ಪ್ರಿಂಗಣ್ಣನಿಗೂ ಆಗ ಹೊಳೆಯಿತು. ಇಬ್ಬರೂ ರಸ್ತೆಯ ನಡುವೆ ಹಾಗೇ ನಿಂತರು. ಹಿಂದಿನಿಂದ ಬಂದ ಸ್ಕೂಟರಿನವನು ಹಾರನ್ನು ಬಾರಿಸಿ, ಬೈದು, ಸುತ್ತು ಹಾಕಿಕೊಂಡು ಹೋದ.

“ನಾಯಿ ಸತ್ತಿಲ್ಲ,” ಎಂದಳು ಹುಡುಗಿ ಕೊನೆಗೆ, ತುಂಬ ಮೆತ್ತಗೆ. “ಹಾಲಿನವನು ಹಾಕಿದ್ದು ನಿದ್ದೆ ಮಾತ್ರೆ. ಬೆಳಿಗ್ಗೆ ಏಳುತ್ತೆ.”

“ಪಾಪ. ಎದ್ದು ಎಲ್ಲಿಗೆ ಹೋಗುತ್ತೆ?”

“ಎಲ್ಲಿಗೆ ಹೋಗುತ್ತೆ? ಗಡಿಯಾರದವರ ಅಂಗಡಿಗೆ. ದಿನಾ ಅಲ್ಲೇ ಕೂರೋದು ಅದು. ಬೇರೆ ಯಾರನ್ನ ಕಂಡ್ರೂ ಅದಕ್ಕೆ ಆಗಲ್ಲ.”